ದುಡಿದೋರು ಎಲ್ಲಿ ಮಲಗ್ತಿದ್ರು?

ಇಂಗ್ಲೆಂಡಿನ ಚೆಶೈರ್ ಸೀಮೆಯಲ್ಲಿ ಸ್ಟಾಯಲ್ ಅಂತ ಒಂದು ಹಳ್ಳಿ. ಅಲ್ಲಿ ಬಾಲಿನ್ ಹೊಳೆಯ ನೀರಿನಿಂದ ತಿರುಗ್ತಿದ್ದ ಹತ್ತಿ ಗಿರಣಿ ಕ್ವಾರಿ ಬ್ಯಾಂಕ್. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬ ಧಣಿ ಶುರು ಮಾಡಿದ್ದು. 1939ರಲ್ಲಿ ಅವನ ವಂಶದವರು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಈಗಲೂ ಜೋಪಾನವಾಗಿದೆ. ಕೆಂಪಿಟ್ಟಿಗೆ, ಸಾಲು ಸಾಲು ಕಿಟಕಿ. ಚೆಂದವೇ, ಇಲ್ಲ ಅನ್ನೋಲ್ಲ. ಆದರೆ ಯಾವ ಕಟ್ಟಡದ ಸುದ್ದಿ ಬಂದರೂ ನಾನು ಕೇಳೋದು ಒಂದೇ: ದುಡಿದೋರು ಎಲ್ಲಿ ಮಲಗ್ತಿದ್ರು?

ಧಣಿಯ ಮನೆ ಗಿರಣಿ ಪಕ್ಕದಲ್ಲೇ. ಕೂಲಿಕಾರರ ಸಾಲುಮನೆ, ಶಾಲೆ, ಪ್ರಾರ್ಥನಾ ಮಂದಿರ ಎದ್ದದ್ದು ಆಮೇಲೆ. ಅದಕ್ಕೂ ಮೊದಲು, 1790ರಲ್ಲಿ, ಮಕ್ಕಳ ಮನೆ. ದಿಕ್ಕಿಲ್ಲದ ಮಕ್ಕಳನ್ನ ಕರಾರು ಬರೆಸಿ ತರ್ತಿದ್ರು. ಸುಮಾರು ತೊಂಬತ್ತು ಜನ, ಒಂದು ಹಾಸಿಗೆಗೆ ಇಬ್ಬರು. ದಿನಕ್ಕೆ ಹನ್ನೆರಡು ಗಂಟೆ ದುಡಿತ. ಕೂಲಿ? ಊಟ, ಬಟ್ಟೆ, ಸೂರು. ವೈದ್ಯರು ಬರ್ತಿದ್ರು, ಅಕ್ಷರ ಕಲಿಸ್ತಿದ್ರು, ಬೇರೆ ಗಿರಣಿಗಿಂತ ವಾಸಿ ಅಂತಾರೆ. ಇರಬಹುದು. 1806ರಲ್ಲಿ 13 ವರ್ಷದ ಥಾಮಸ್ ಪ್ರೀಸ್ಟ್ಲಿಯ ಬೆರಳನ್ನ ಯಂತ್ರ ಕಿತ್ತುಕೊಂಡಿತು. ಅವ್ವನ್ನ ನೋಡಬೇಕು ಅಂತ ಅವನು ಇನ್ನೊಬ್ಬ ಹುಡುಗನ ಜೊತೆ ಲಂಡನ್ನಿಗೆ ನಡೆದೇ ಹೋದ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಹೇಳಿಕೆ ಬರೆದುಕೊಂಡರಲ್ಲ, ಅದರಿಂದಲೇ ಈ ಮಗುವಿನ ಮಾತು ಉಳಿದದ್ದು.

ಇನ್ನು ಹತ್ತಿ. ಅದನ್ನ ಬಿಡಿಸಿದ್ದು ಅಮೆರಿಕಾದ ಕಪ್ಪು ಗುಲಾಮರು. ಅವರ ಗುಡಿಸಲು ಈ ಊರಲ್ಲಿ ಹುಡುಕಿದರೆ ಸಿಗೋದಿಲ್ಲ. ಗ್ರೆಗ್ ಮನೆತನಕ್ಕೆ ಡೊಮಿನಿಕಾ ದ್ವೀಪದಲ್ಲಿ ಗುಲಾಮರನ್ನ ದುಡಿಸೋ ತೋಟವೂ ಇತ್ತು. 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಬಂದಾಗ ಸರ್ಕಾರ ಪರಿಹಾರ ಕೊಟ್ಟದ್ದು ಒಡೆಯರಿಗೆ. ಗ್ರೆಗ್ ಮನೆಯವರಿಗೂ ಬಂತು. ದುಡಿದವರಿಗೆ ಬಿಡಿಗಾಸಿಲ್ಲ.