ಕರೀನ್ ಮತ್ತೆ ಕಲಿಯಲು ಹೊರಟಳು

ಪ್ರೀತಿಯ ಪುಟ್ಟಿ,

ಮಂಡಿ ನೋವಿನಿಂದ ಕಬಡ್ಡಿ ಬಿಟ್ಟ ಮೇಲೆ ನೀನು ಯಾರ ಹತ್ತಿರವೂ ಸರಿಯಾಗಿ ಮಾತಾಡುತ್ತಿಲ್ಲ ಅಂತ ಅಮ್ಮ ಹೇಳಿದಳು. ಅದಕ್ಕೇ ಇವತ್ತು ನಿನಗೆ ಕರೀನ್ ರೂಬಿಯ ವಿಷಯ ಬರೆಯಬೇಕೆನಿಸಿತು. ಫ್ರಾನ್ಸಿನವಳು, ಸ್ನೋಬೋರ್ಡ್ ರೇಸಿನ ಚಾಂಪಿಯನ್.

ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಅದರಲ್ಲೇ ಜೈಂಟ್ ಸ್ಲಾಲಂ ಎಂಬ ಸ್ಪರ್ಧೆಯಲ್ಲಿ ದಾರಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಗೇಟು ನೆಟ್ಟಿರುತ್ತಾರೆ. ಹಲಗೆಯ ಅಂಚನ್ನು ಹಿಮಕ್ಕೆ ಒತ್ತಿ, ಮೈಯನ್ನು ನೆಲ ಮುಟ್ಟುವಷ್ಟು ವಾಲಿಸಿ, ಒಂದೊಂದನ್ನೂ ಸುತ್ತಿಕೊಂಡು ಇಳಿಯಬೇಕು. ಒಂದು ಗೇಟು ತಪ್ಪಿದರೂ ಆಟ ಅಲ್ಲಿಗೆ ಮುಗಿಯಿತು. 1998ರಲ್ಲಿ ಜಪಾನಿನ ನಗಾನೊದಲ್ಲಿ ಸ್ನೋಬೋರ್ಡ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಮಹಿಳೆಯರ ಜೈಂಟ್ ಸ್ಲಾಲಂ ಚಿನ್ನ ಕರೀನಳ ಕೊರಳಿಗೆ ಬಿತ್ತು. ಆಗಿನ್ನೂ ಇಪ್ಪತ್ತು ವರ್ಷ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬೆಳ್ಳಿ. ವಿಶ್ವಕಪ್ ರೇಸುಗಳಲ್ಲಿ 67 ಗೆಲುವು. 2006ರ ಟುರಿನ್‌ನಲ್ಲಿ ಪದಕ ಸಿಗಲಿಲ್ಲ. ಆ ವರ್ಷವೇ ನಿವೃತ್ತಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಮೋಂ ಬ್ಲಾಂ ಶಿಖರದ ಬುಡದಲ್ಲಿರುವ ಶಾಮೊನಿಯಲ್ಲಿ ಅವಳು ಪರ್ವತ ಗೈಡ್ ಆಗುವ ತರಬೇತಿಗೆ ಸೇರಿದಳು. ಗೈಡ್ ಅಂದರೆ ಊರು ತೋರಿಸುವವರು ಅಂದುಕೊಳ್ಳಬೇಡ. ಬಂಡೆ ಹತ್ತುವುದು, ಮಂಜುಗಡ್ಡೆ ಹತ್ತುವುದು, ಹಿಮಕುಸಿತದ ಸುಳಿವು ಹಿಡಿಯುವುದು, ಬಿದ್ದವರನ್ನು ಮೇಲೆತ್ತುವುದು, ಇದೆಲ್ಲ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ. ಇಳಿಯುವುದರಲ್ಲಿ ಜಗತ್ತನ್ನೇ ಗೆದ್ದವಳು ಹತ್ತುವುದಕ್ಕೆ ಶಿಷ್ಯಳಾದಳು.

ರೇಸಿನಲ್ಲಿ ಗೆಲುವು, ಸೋಲು ಎರಡೂ ಒಬ್ಬಳದೇ. ಹಿಮನದಿಯ ಮೇಲೆ ಹಾಗಲ್ಲ. ಎಲ್ಲರ ಸೊಂಟಕ್ಕೂ ಒಂದೇ ಹಗ್ಗ. ಮಂಜುಗಡ್ಡೆಯಲ್ಲಿನ ಆಳವಾದ ಬಿರುಕಿನ ಬಾಯಿಯನ್ನು ಹಿಮ ಮುಚ್ಚಿರುತ್ತದೆ, ಎಷ್ಟೋ ಸಲ ಕಾಲಿಟ್ಟ ಮೇಲೇ ಗೊತ್ತಾಗುವುದು. ಒಬ್ಬರು ಕುಸಿದರೆ ಉಳಿದವರು ಹಿಡಿದು ನಿಲ್ಲಬೇಕು.

2009ರ ಮೇ 29ರಂದು, ಮೋಂ ಬ್ಲಾಂ ಸೀಮೆಯಲ್ಲಿ, ಅಂಥದೇ ಬಿರುಕಿಗೆ ಬಿದ್ದು ಕರೀನ್ ತೀರಿಕೊಂಡಳು. ಜೊತೆಯಲ್ಲಿದ್ದ ಇನ್ನೊಬ್ಬರೂ ಉಳಿಯಲಿಲ್ಲ. ಅವಳಿಗೆ 31 ವರ್ಷ, ಗೈಡ್ ತರಬೇತಿ ಇನ್ನೇನು ಮುಗಿಯುವುದರಲ್ಲಿತ್ತು.

ಓದಿದಾಗ ಕರುಳು ಚುರುಕ್ಕೆಂದಿತು ಕಣೇ. ಗೆದ್ದ ಪದಕ ಇಟ್ಟುಕೊಂಡು ಸುಮ್ಮನಿರಬಾರದಿತ್ತೇ ಅಂತ ಯಾರಾದರೂ ಕೇಳಿದರೆ ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಹೆಸರಿದ್ದೂ ಹೊಸಬರ ಸಾಲಿನಲ್ಲಿ ನಿಂತು, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಂಡಳಲ್ಲ, ಆ ಮೂರು ವರ್ಷ ನನಗೆ ನಗಾನೊದ ಚಿನ್ನಕ್ಕಿಂತ ದೊಡ್ಡದು.

ದೈಹಿಕ ಶಿಕ್ಷಕಿಯಾಗಲು ಬಿ.ಪಿ.ಎಡ್. ಕೋರ್ಸು ಸೇರಿದರೆ ನಿನಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರಬೇಕಲ್ಲ ಅಂತ ನಿನಗೆ ಸಂಕೋಚ. ಕೂತುಕೋ ಪುಟ್ಟಿ. ನಿನ್ನ ಕೈಯಲ್ಲಿ ಕಬಡ್ಡಿ ಕಲಿಯುವ ಹುಡುಗಿಯರು ಯಾವುದಾದರೂ ಹೈಸ್ಕೂಲಿನಲ್ಲಿ ಇದ್ದೇ ಇರುತ್ತಾರೆ. ಅರ್ಜಿ ಇದರ ಜೊತೆಗಿಟ್ಟಿದ್ದೇನೆ, ಫೀಸು ನಾನು ಕಟ್ಟುತ್ತೇನೆ. ತುಂಬಿ, ಸಹಿ ಹಾಕಿ, ಈ ವಾರವೇ ಕಳಿಸು.

ಇಂತಿ ನಿನ್ನ
ಅಕ್ಕ