ಐಮಂಗಲದ ಹತ್ತಿರ ಸಮುದ್ರ

ಚಿತ್ರದುರ್ಗಕ್ಕೆ ಬಂದವರು ನೇರ ಏಳುಸುತ್ತಿನ ಕೋಟೆಗೆ ಹೋಗುತ್ತಾರೆ. ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಬಂಡೆಯ ನೆರಳಲ್ಲಿ ಕೂತು ಮಂಡಕ್ಕಿ ತಿಂದು ಇಳಿದರೆ ಊರು ನೋಡಿದ ಹಾಗೆ. ನನ್ನನ್ನು ಕೇಳಿದರೆ ಹಿರಿಯೂರು ದಾರಿ ಹಿಡಿಯಿರಿ ಅನ್ನುತ್ತೇನೆ. ಐಮಂಗಲದ ಹತ್ತಿರ ಮರಡಿಹಳ್ಳಿ ಅಂತ ಒಂದು ಊರಿದೆ. ಜಿಲ್ಲೆಯ ಹಿರೀಕರು ಇರುವುದು ಅಲ್ಲಿ.

ಬೋಳು ದಿಬ್ಬ, ಜಾಲಿಗಿಡ, ಬಿಸಿಲು. ನೆಲದಲ್ಲಿ ಹಸಿರು ಛಾಯೆಯ ಕಪ್ಪು ಕಲ್ಲುಗಳು, ಮದುವೆಮನೆಯಲ್ಲಿ ದಿಂಬು ಒಟ್ಟಿದ ಹಾಗೆ ಒಂದರ ಮೇಲೊಂದು. ಭೂವಿಜ್ಞಾನಿಗಳೂ ಇದನ್ನು ದಿಂಬು ಲಾವಾ ಅಂತಲೇ ಕರೆಯುತ್ತಾರೆ. 1976ರಲ್ಲಿ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು. ನಾನು ಬಗ್ಗಿ ನೋಡುತ್ತಿದ್ದಾಗ ಕುರಿ ಕಾಯುತ್ತಿದ್ದ ಅಜ್ಜ ಹತ್ತಿರ ಬಂದರು.

"ಏನ್ ಸಾಮಿ, ಚಿನ್ನ ಐತಾ?"

"ಚಿನ್ನ ಅಲ್ಲಜ್ಜ. ಹಿಂದೆ ಇಲ್ಲಿ ಸಮುದ್ರ ಇತ್ತಂತೆ."

ಅಜ್ಜ ಕಲ್ಲನ್ನೂ ನನ್ನನ್ನೂ ನೋಡಿ, "ಎಷ್ಟಡಿಗೆ ಸಿಗ್ತೈತೆ?" ಅಂದರು. ಬೋರ್‌ವೆಲ್ ಸೀಮೆಯಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆ ಇರಲಾರದು.

ಆ ನೀರು ಆರಿ ಎಷ್ಟೋ ಕಾಲವಾಯಿತು. ಕಲ್ಲಿಗೆ ಸುಮಾರು 250 ಕೋಟಿ ವರ್ಷ. ನೀರಿನಡಿ ಉಕ್ಕಿದ ಲಾವಾದ ಹೊರಮೈ ತಣ್ಣೀರು ತಾಗಿದ ಕೂಡಲೇ ಬಿರುಸಾಗಿ ಸಿಪ್ಪೆಗಟ್ಟುತ್ತದೆ. ಒಳಗಿನದು ಇನ್ನೂ ಕಾದೇ ಇರುತ್ತದೆ. ಅದು ಸಿಪ್ಪೆ ಸೀಳಿ ಪಕ್ಕಕ್ಕೆ ಉಬ್ಬುತ್ತದೆ, ಅದಕ್ಕೂ ಸಿಪ್ಪೆ ಬರುತ್ತದೆ, ಮತ್ತೆ ಸೀಳು. ಹೊಸ ದಿಂಬು ಮೆತ್ತಗಿರುವಾಗಲೇ ಕೆಳಗಿನವುಗಳ ಸಂದಿಗೆ ಇಳಿದು ಚೂಪಾಗುತ್ತದೆ, ಮೇಲ್ಭಾಗ ಮಾತ್ರ ಗುಮ್ಮಟ. ಹಾಗಾಗಿ ಪದರಗಳೆಲ್ಲ ಮಡಚಿ ಬುಡಮೇಲಾಗಿದ್ದರೂ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಬಲ್ಲವರು ಹೇಳಬಲ್ಲರು.

ಈ ಲಾವಾ ಬಂದದ್ದು ಭೂಮಿಯ ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ. ಶಾಲೆಯ ಚಿತ್ರದಲ್ಲಿ ನಾವು ಅದನ್ನು ಕೆಂಪು ಬಣ್ಣ ಬಳಿದು ಕುದಿಸಿಬಿಟ್ಟಿದ್ದೇವೆ. ಅಸಲಿಗೆ ಅದು ಬಹುಪಾಲು ಗಟ್ಟಿ ಶಿಲೆ. ಬಿಸಿ ಶಿಲೆ ಮೇಲೇರಿ ಒತ್ತಡ ಇಳಿದಲ್ಲಿ ಒಂದಿಷ್ಟು ಕರಗುತ್ತದೆ, ಅಷ್ಟೇ. ಕೋಟೆಯ ಗ್ರಾನೈಟಿನದು ಬೇರೆ ಹಣೆಬರಹ. ತೊಗಟೆಯ ಆಳದಲ್ಲಿ ಕರಗಿದ್ದು ಹೊರಬರಲಾರದೆ ಅಲ್ಲೇ ನಿಧಾನ ಆರಿ ಹರಳುಗಟ್ಟಿತು. ಮೇಲಿನ ಹೊದಿಕೆ ಸವೆದ ಮೇಲೆ ಬಯಲಿಗೆ ಬಿತ್ತು, ಪಾಳೆಯಗಾರರ ಕಣ್ಣಿಗೂ ಬಿತ್ತು. ಈಗ ಅದೂ ಸವೆಯುತ್ತಿದೆ. ಇಲ್ಲಿನ ಮರಳು ವೇದಾವತಿ, ತುಂಗಭದ್ರೆ, ಕೃಷ್ಣೆಯರ ಕೈದಾಟಿ ಬಂಗಾಳ ಕೊಲ್ಲಿ ಸೇರಿದರೆ ಅಲ್ಲಿ ಪದರಗಟ್ಟಿ ಮತ್ತೆ ಕಲ್ಲಾಗಬಹುದು. ನಡುವೆ ಅಣೆಕಟ್ಟುಗಳು ತಡೆಯುತ್ತವೆ ನಿಜ, ಆದರೆ ಮರಳಿಗೇನು ಅವಸರ?

ಮರಳಷ್ಟೇ ಅಲ್ಲ, ಕಾಲಡಿಯ ನೆಲವೂ ಸರಿಯುತ್ತದೆ. ಈ ದಿಂಬುಗಳು ಹುಟ್ಟಿದ ಕಾಲದಲ್ಲೂ ಭೂಮಿಯ ಹೊರಚಿಪ್ಪಿನ ತುಂಡುಗಳಾದ ಭೂಫಲಕಗಳು ಇಂದಿನ ಹಾಗೇ ಓಡಾಡುತ್ತಿದ್ದವೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಈಗ ಓಡಾಡುತ್ತಿವೆ ಎಂಬುದರಲ್ಲಿ ಜಗಳವಿಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುವ ನಾಡಿದು. ಕೇಸು ತೀರ್ಮಾನವಾಗಲು 20 ವರ್ಷ ಹಿಡಿದರೆ ಅಷ್ಟರಲ್ಲಿ ಹೊಲ, ಬದು, ಬಾಂದುಕಲ್ಲು, ಕೋರ್ಟು ಎಲ್ಲವೂ ಒಟ್ಟಿಗೆ 1 ಮೀಟರ್ ಆಚೆ ಹೋಗಿರುತ್ತವೆ. ಪಹಣಿಯಲ್ಲಿ ಮಾತ್ರ ಸರ್ವೆ ನಂಬರು ಅದೇ.