ಮುಂಡಗೋಡದ ಜಗಲಿಯಲ್ಲಿ ಆಫ್ರಿಕಾ

ಕೊಪ್ಪದ ಬಸ್ ನಿಲ್ದಾಣದಲ್ಲಿ ಇನ್ನೂ ಮಂಜು ಹರಿದಿಲ್ಲ. ಆಫ್ರಿಕಾದ ಕಲೆ ನೋಡಲು ಹೊರಟಿದ್ದೇನೆ ಎಂದರೆ ಪಕ್ಕದ ಸೀಟಿನ ಅಡಿಕೆ ವ್ಯಾಪಾರಿ ನಗುತ್ತಾರೆ. "ತೀರ್ಥಹಳ್ಳಿ ಬಸ್ಸಲ್ಲಿ ಆಫ್ರಿಕಾಕ್ಕೆ ಹೋಗ್ತೀರಾ ಮಾರಾಯ್ರೆ?" ಹೌದು, ಇದೇ ಬಸ್ಸಲ್ಲಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ನಮಗೆ ಕಲೆ ಎಂದೊಡನೆ ಕಣ್ಣಿಗೆ ಕಟ್ಟುವುದು ಕಲ್ಲು: ವಿದ್ಯಾಶಂಕರ ದೇವಾಲಯದ ರಾಶಿಕಂಬಗಳು, ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿ. ಇವತ್ತು ಹುಡುಕಿ ಹೊರಟಿರುವುದು ಹಳೇ ಬಟ್ಟೆಯನ್ನು.

ತೀರ್ಥಹಳ್ಳಿಯಲ್ಲಿ ತುಂಗೆ, ಸಾಗರ, ಸಿದ್ದಾಪುರ ದಾಟಿ ಶಿರಸಿ. ಅಲ್ಲಿಂದ ಮುಂಡಗೋಡದ ದಾರಿ ಹಿಡಿದಂತೆ ಕಾಡಿನ ಬಣ್ಣವೇ ಬೇರೆಯಾಗುತ್ತದೆ. ನಮ್ಮ ಕಡೆಯ ಕಪ್ಪುಹಸಿರು ತೆಳುವಾಗಿ, ತೇಗದ ಅಗಲ ಎಲೆಗಳು ರಸ್ತೆಯ ಮೇಲೆ ಹಪ್ಪಳದಂತೆ ಮುರಿಯುತ್ತವೆ. ಪೇಟೆಯಲ್ಲಿ ಕಡುಗೆಂಪು ನಿಲುವಂಗಿಯ ಟಿಬೆಟಿನ ಭಿಕ್ಷುಗಳು ತರಕಾರಿ ಆರಿಸುತ್ತಿದ್ದಾರೆ. 1966ರಿಂದ ಅವರ ದೊಡ್ಡ ನೆಲೆ ಈ ತಾಲ್ಲೂಕಿನಲ್ಲೇ ಇದೆ. ಅವರಿಗಿಂತ ಎಷ್ಟೋ ಮೊದಲು, ಇನ್ನೂ ದೂರದಿಂದ, ತಮ್ಮ ಇಚ್ಛೆಗೆ ವಿರುದ್ಧವಾಗಿ ಬಂದವರು ಸಿದ್ದಿಗಳು.

ಪೋರ್ಚುಗೀಸರ ಹಡಗುಗಳು ಪೂರ್ವ ಆಫ್ರಿಕಾದಿಂದ ಹಿಡಿದು ತಂದು ಗೋವೆಯಲ್ಲಿ ಮಾರಿದ ಜನರಲ್ಲಿ ಅನೇಕರು ಯಜಮಾನರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ದಖ್ಖನಿನ ಸುಲ್ತಾನರ ಸೈನ್ಯಗಳಲ್ಲಿದ್ದ ಆಫ್ರಿಕನ್ನರ ಕಥೆ ಬೇರೆ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು ಮೊಘಲರನ್ನು ವರ್ಷಗಟ್ಟಲೆ ಕಾಡಿದ. ಕಾಡು ಸೇರಿದವರಿಗೆ ಅಂಥ ಭಾಗ್ಯವಿರಲಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಕೊಂಕಣಿಯೋ ಉರ್ದುವೋ ಕೇಳಿಸುತ್ತದೆ, ಅಂಗಡಿಯಲ್ಲಿ ಕನ್ನಡ.

ಗುಂಜಾವತಿ, ಮೈನಳ್ಳಿಯ ಕಡೆ ಬಂದರೆ ಬೇಲಿಯ ಮೇಲೆ ಒಣಹಾಕಿದ ಬಣ್ಣಗಳು ದೂರದಿಂದಲೇ ಕರೆಯುತ್ತವೆ. ಕೆಂಪು ಪಟ್ಟೆ, ಅರಿಶಿನದ ಚೌಕ, ಶಾಲೆಯ ಯೂನಿಫಾರ್ಮಿನ ನೀಲಿ ತುಂಡು. "ಬರ್ರಿ, ಕೂಡ್ರಿ," ಎಂದು ಜಗಲಿಯಲ್ಲಿ ಚಾಪೆ ಹಾಸುತ್ತಾರೆ ಒಬ್ಬ ಅಜ್ಜಿ. ಅವರ ಮುಂದೆ ಹಳೇ ಸೀರೆಯೊಂದು ನೆಲದುದ್ದ ಹರಡಿದೆ. ಅದೇ ಕೌದಿಯ ತಳ. ಇವರ ಮಾತಿನಲ್ಲಿ ಕೌದಿ ಎಂದರೆ ಕವಂದಿ.

ಹೊಲಿಗೆ ಶುರುವಾಗುವುದು ಒಂದು ಮೂಲೆಯಿಂದ. ನಕ್ಷೆಯಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ, ಬಿಗಿದು ಕಟ್ಟುವ ಚೌಕಟ್ಟೂ ಇಲ್ಲ. ಹರಿದ ಅಂಗಿಯ ತುಂಡೊಂದನ್ನು ಇಟ್ಟು, ಅಂಚು ಒಳಗೆ ಮಡಚಿ, ಬೆರಳಲ್ಲಿ ಒತ್ತಿ, ದಪ್ಪ ದಾರದಲ್ಲಿ ಉದ್ದುದ್ದ ಓಟದ ಹೊಲಿಗೆ ಹಾಕುತ್ತಾ ಅಂಚಿನಗುಂಟ ಸಾಗುತ್ತಾರೆ. ನಾಲ್ಕೂ ಬದಿ ಸುತ್ತಿ ಬಂದಮೇಲೆ ಒಳಗಿನ ಸುತ್ತು, ಅದರೊಳಗೆ ಇನ್ನೊಂದು. ಹೀಗೆ ಸುತ್ತುತ್ತಾ ನಡುಮಧ್ಯಕ್ಕೆ ಬಂದಾಗ ಕೌದಿ ಮುಗಿಯುತ್ತದೆ. ದೊಡ್ಡ ತುಂಡುಗಳ ಮೇಲೆ ಉಗುರಗಲದ ತುಂಡುಗಳೂ ಕೂತಿವೆ. ಅವುಗಳಿಗೆ ಟಿಕೇಲಿ ಎಂದು ಹೆಸರು. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಇಣುಕುವುದುಂಟು. ಕೈಯಿಂದ ಸವರಿದರೆ ಹೊಲಿಗೆಯ ಸಾಲುಗಳು ಉತ್ತ ಗದ್ದೆಯ ಹಾಗೆ ಏರಿಳಿಯುತ್ತವೆ.

ನಾಲ್ಕೂ ಮೂಲೆಗೆ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನಕ್ಕೆ ಮಡಚಿ ಹೊಲಿದ ಗೊಂಚಲು: ಫುಲಾ, ಅಂದರೆ ಹೂ. ಇದರ ಉಪಯೋಗವೇನು ಎಂದು ಕೇಳಿದ್ದಕ್ಕೆ ಅಜ್ಜಿಯ ಸೂಜಿ ನಿಲ್ಲುತ್ತದೆ. "ಫುಲಾ ಇಲ್ಲಂದ್ರ ಕೌದಿ ಬತ್ತಲೆ ಅಲ್ರೀ!" ಒಳಗಿನಿಂದ ಸೊಸೆಯ ನಗು.

ಪಶ್ಚಿಮ ಆಫ್ರಿಕಾದ ಯೊರೂಬಾ ಜನರ ಕಲೆಯ ಅಧ್ಯಯನದಲ್ಲಿ ಹೆಸರಾದ ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಈ ಹಳ್ಳಿಗಳಿಗೆ ಬಂದು ಬೆರಗಾದವರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘವೊಂದು ಹುಟ್ಟಲು ಅವರೂ ಕಾರಣ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದ ಗೋಡೆಗಳನ್ನೇರಿದವು. ಇಲ್ಲಿ ತೊಟ್ಟಿಲಿಗೆ ಹಾಸುವುದು ಅಲ್ಲಿ ದೀಪದ ಬೆಳಕಿನಲ್ಲಿ ಚಿತ್ರವಾಗಿ ತೂಗಿತು. ಘಾನಾದ ಕಲಾವಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಬಿರಡೆಗಳನ್ನು ತಾಮ್ರದ ತಂತಿಯಿಂದ ಹೆಣೆದು ಗೋಡೆಯಗಲದ ಹೊಳೆಯುವ ಪರದೆ ಮಾಡುತ್ತಾರೆ. 2015ರಲ್ಲಿ ವೆನಿಸ್ ಬಿನಾಲೆ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಕೊಟ್ಟಿತು. ಎಸೆದದ್ದನ್ನು ಹೆಕ್ಕಿ ವೈಭವ ಕಟ್ಟುವ ಆ ಕೆಲಸ ಈ ಜಗಲಿಯಲ್ಲಿ ಕೂತವರಿಗೆ ಒಂದಿಷ್ಟೂ ಅಪರಿಚಿತ ಅನ್ನಿಸಲಾರದು.

ಹಾಗೆಂದು ಇದು ಅಪ್ಪಟ ಆಫ್ರಿಕಾ ಎಂದು ಸಾಧಿಸಲು ನನಗೆ ಮನಸ್ಸಿಲ್ಲ. ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಮನೆಯ ಕೆಲಸ. ಆದರೆ ಪಕ್ಕಪಕ್ಕದ ಬಣ್ಣಗಳನ್ನು ಹೀಗೆ ಜಗಳಕ್ಕೆ ಬಿಟ್ಟು, ಅಳತೆಯನ್ನು ಬೇಕೆಂದೇ ತಪ್ಪಿಸಿ, ಕೊನೆಗೆ ಎಲ್ಲವನ್ನೂ ಒಂದು ತಾಳಕ್ಕೆ ತರುವ ಧೈರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾರ್ಲೆಮ್‌ನಲ್ಲಿ ಸಿಕ್ಕ ಗೋಡೆ ನಮ್ಮ ಜಿಲ್ಲೆಗಳ ವಸ್ತುಸಂಗ್ರಹಾಲಯಗಳಲ್ಲೂ ಸಿಗಬೇಕು, ಹೊಲಿದವರ ಹೆಸರಿನೊಂದಿಗೆ. ಅಲ್ಲಿಯವರೆಗೆ ನೀವೇ ಹೋಗಿ. ಮಳೆಗಾಲ ಮುಗಿದಮೇಲೆ ಹೊರಡಿ, ಕೌದಿ ಕೊಳ್ಳುವುದಾದರೆ ಹೊಲಿದವರ ಕೈಯಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ.